ಎತ್ತಿರುವುದನ್ನು ಗಮನಿಸಿ

ಆ ಊರಿನಲ್ಲಿ ಯಾರ ಕೈಯೂ ತಾನಾಗಿ ಏಳುತ್ತಿರಲಿಲ್ಲ. ಒಲೆ ಹಚ್ಚಲು, ಮಗುವನ್ನು ಎತ್ತಿಕೊಳ್ಳಲು, ಚಾಪೆ ಹೆಣೆಯಲು ಏಳುತ್ತಿತ್ತು. ಅದು ಮನೆಯ ಕೈ. ಆದರೆ ಊರಿಗೆ ಸೇರಿದ ಒಂದು ಕಲ್ಲನ್ನು ಸರಿಸಬೇಕೆಂದರೆ, ಒಂದು ದಾರಿಯನ್ನು ಅಗಲ ಮಾಡಬೇಕೆಂದರೆ, ಕೆರೆಯ ಒಂದು ಹಲಗೆಯನ್ನು ಅಲುಗಿಸಬೇಕೆಂದರೆ ಅದಕ್ಕೊಂದು ವಾಕ್ಯ ಬೇಕಿತ್ತು. ವಾಕ್ಯವಿಲ್ಲದೆ ಚಾಚಿದ ಕೈ ಅರ್ಧಕ್ಕೇ ನಿಂತು ಕೊರಡಾಗುತ್ತಿತ್ತು. ಯಾರೂ ತಡೆಯುತ್ತಿರಲಿಲ್ಲ, ಯಾರೂ ಶಿಕ್ಷಿಸುತ್ತಿರಲಿಲ್ಲ. ಕೈಗೇ ಹಾಗೆ ಅಭ್ಯಾಸವಾಗಿಹೋಗಿತ್ತು.

ವಾಕ್ಯ ಬರುತ್ತಿದ್ದದ್ದು ದುಂಡುಮನೆಯಿಂದ. ಒಂದು ಕಾಲದಲ್ಲಿ ಊರಿನ ಹಿರಿಯರೇ ಅಲ್ಲಿ ಕೂತು ತೀರ್ಮಾನ ಮಾಡುತ್ತಿದ್ದರಂತೆ. ಮಾಡಿ ಮಾಡಿ ಒಬ್ಬರ ತಲೆ ಒಬ್ಬರು ಒಡೆದುಕೊಂಡರಂತೆ. ಉಳಿದವರು ನೆತ್ತರು ತೊಳೆದು ಒಂದು ಉಪಾಯ ಕಂಡುಕೊಂಡರು. ಹದಿನೇಳು ತುಂಬಿದ ವಿದ್ಯಾರ್ಥಿಗಳು ಒಳಗೆ ಕೂರಲಿ. ಇಲ್ಲದ ನಾಡುಗಳ ಪ್ರತಿನಿಧಿಗಳ ಹಾಗೆ ಆಡಲಿ. ಇಲ್ಲದ ನಾಡಿಗೆ ನೆಂಟರಿರುವುದಿಲ್ಲ, ಹಗೆಯೂ ಇರುವುದಿಲ್ಲ. ಆಟದಲ್ಲಿ ಅವರು ಬರೆದ ನಿರ್ಣಯವನ್ನು ಊರು ಅಕ್ಷರಕ್ಕೆ ಅಕ್ಷರ ನಡೆಸಿಕೊಡಲಿ.

ನಿರ್ಣಯ ಎಷ್ಟೇ ಉದ್ದವಾಗಲಿ, ಅದು ಒಂದೇ ವಾಕ್ಯವಾಗಿರಬೇಕು. ಒಂದು ಮಾತು ಸೇರಿದಾಗ ಎಲ್ಲರೂ ಎದ್ದು ನಿಂತು "ಅಲ್ಪವಿರಾಮ" ಎನ್ನಬೇಕು. ಒಂದು ಕಲಮು ಮುಗಿದಾಗ ಎದ್ದು ನಿಂತು "ಅರ್ಧವಿರಾಮ" ಎನ್ನಬೇಕು. ಎಲ್ಲ ನಾಡುಗಳೂ ಒಪ್ಪಿದ ಮೇಲೆ ಒಂದೇ ಒಂದು ಸಲ "ಪೂರ್ಣವಿರಾಮ" ಎನ್ನಬಹುದು. ಆಗ ಮಾತ್ರ ಬಾಗಿಲು ತೆರೆಯುತ್ತದೆ. ದುಂಡುಮನೆಗೆ ಒಂದೇ ಬಾಗಿಲು, ಕಿಟಕಿಯಿಲ್ಲ, ಬಾಗಿಲಿಗೆ ಒಳಗಡೆ ಚಿಲಕವಿಲ್ಲ.

ಹೊರಗೆ ಬಂದ ವಾಕ್ಯದಲ್ಲಿ ಯಾವ ಕ್ರಿಯಾಪದವಿದೆಯೋ ಊರು ಅದನ್ನೇ ಮಾಡುತ್ತಿತ್ತು, ಅದಕ್ಕಿಂತ ಒಂದೆಳ್ಳು ಹೆಚ್ಚಿಲ್ಲ, ಒಂದೆಳ್ಳು ಕಡಿಮೆಯಿಲ್ಲ. ಒಂದು ವರ್ಷ ಬಾವಿಯ ಕಟ್ಟೆ ಕುಸಿದಿತ್ತು. "ಆಳವಾದ ವಿಷಾದ ವ್ಯಕ್ತಪಡಿಸುತ್ತದೆ" ಎಂದು ನಿರ್ಣಯ ಬಂತು. ಊರಿಗೆ ಊರೇ ಬಾವಿಯ ಸುತ್ತ ನಿಂತು ಮೂರು ದಿನ ಆಳವಾಗಿ ವಿಷಾದಿಸಿತು. ಎರಡನೆಯ ದಿನ ಒಂದು ಕರು ಬಾವಿಗೆ ಬಿತ್ತು. ಅದನ್ನೂ ಸೇರಿಸಿಕೊಂಡು ವಿಷಾದಿಸಿದರು.

ಈಗ ಹೇಳುತ್ತಿರುವುದು ನೀರುಗಂಟಿಯ ಮಗಳು ಒಳಗೆ ಹೋದ ವರ್ಷದ ಸಂಗತಿ.

ನೀರುಗಂಟಿ ಎಂದರೆ ಕೆರೆಯ ನೀರನ್ನು ನೋಡಿಕೊಳ್ಳುವವನು, ವಾಕ್ಯ ಬಂದಾಗ ನೀರು ಬಿಡುವವನು. ಅವನ ಮನೆ ಕೆರೆಯ ಏರಿಯ ಬುಡದಲ್ಲಿದ್ದ ತಗ್ಗಿನ ಕೇರಿಯಲ್ಲಿತ್ತು. ಅಲ್ಲಿ ಅರವತ್ತು ಮನೆ, ಎಲ್ಲರೂ ಜೊಂಡಿನ ಚಾಪೆ ಹೆಣೆಯುವವರು. ಕೆರೆ ತುಂಬಿದರೆ ಹೆಚ್ಚಾದ ನೀರು ಹರಿದು ಹೋಗಲೆಂದು ಏರಿಯ ಒಂದು ತುದಿಯಲ್ಲಿ ಕೋಡಿ ಇತ್ತು. ಕೋಡಿಯ ನೀರು ಮೇಲಿನ ಬೀದಿಯವರ ಕನಕಾಂಬರದ ತೋಟಗಳನ್ನು ಹಾದುಕೊಂಡೇ ಹೋಗಬೇಕು. ಯಾವುದೋ ಒಂದು ವರ್ಷದ ವಾಕ್ಯ ಕೋಡಿಯ ಕಲ್ಲುಕಂಬಗಳ ನಡುವೆ ನಾಲ್ಕು ಹಲಗೆಗಳನ್ನು ಒಂದರ ಮೇಲೊಂದು ಇಳಿಸಿ ನೀರನ್ನು ತಡೆದಿತ್ತು. ಅಂದಿನಿಂದ ತೋಟಗಳಿಗೆ ನೀರು ನುಗ್ಗಲಿಲ್ಲ. ಏರಿಯ ಮೇಲೆ ಮಾತ್ರ ಭಾರ ಬೀಳುತ್ತಾ ಹೋಯಿತು.

ಆ ವರ್ಷ ದೂರದ ಬೆಟ್ಟಗಳಲ್ಲಿ ಏನಾಯಿತೋ, ಕೆರೆಗೆ ಹಿಂದೆಂದೂ ಬಾರದಷ್ಟು ನೀರು ಬಂತು. ಏರಿಯ ತಲೆಗೂ ನೀರಿಗೂ ಒಂದೂವರೆ ಗೇಣು ಉಳಿಯಿತು. ತಗ್ಗಿನ ಕೇರಿಯ ಕಡೆಯ ಏರಿಯ ಮೈ ಬೆವರತೊಡಗಿತು. ನೀರುಗಂಟಿ ದಿನವೂ ಅಲ್ಲಿ ಅಂಗೈ ಒತ್ತಿ ನೋಡುತ್ತಿದ್ದ, ಜ್ವರ ಬಂದ ಮಗುವಿನ ಹಣೆ ಮುಟ್ಟುವ ಹಾಗೆ.

ಮಗಳು ದುಂಡುಮನೆಗೆ ಹೊರಟ ಬೆಳಗ್ಗೆ ಅವನು ಬಾಗಿಲವರೆಗೂ ಬಂದ.

"ಹಲಗೆ ಎತ್ತಿದರೆ ನೀರು ಒಂದೇ ಹೊತ್ತಿಗೆ ಇಳಿದುಹೋಗ್ತದೆ ಕಣವ್ವ," ಅಂದ. "ಎತ್ತದೆ ಹೋದರೆ ನಾಲ್ಕು ದಿನ ತಡೀಬಹುದು ಏರಿ. ಐದನೇ ದಿನದ ಮಾತು ನಾನು ಹೇಳಲಾರೆ."

"ನಾಲ್ಕು ದಿನ ಬೇಕಾ ಅಪ್ಪಾ? ನಾಳೆ ಹೊತ್ತಿಗೆ ವಾಕ್ಯ ಮುಗಿಸ್ತೀವಿ."

"ನಾನು ಕೋಡಿ ಹತ್ತಿರಾನೇ ಇರ್ತೀನಿ, ಹಾರೆ ಹಿಡ್ಕೊಂಡು. ಎತ್ತು ಅಂತ ಒಂದು ಮಾತು ಬರಲಿ, ಸಾಕು."

ಅವಳು ಒಳಗೆ ಹೋದಳು. ಹಿಂದೆ ಬಾಗಿಲು ಮುಚ್ಚಿಕೊಂಡಿತು.

ಒಳಗೆ ದುಂಡನೆಯ ಮೇಜು, ಸುತ್ತ ಹನ್ನೊಂದು ಕುರ್ಚಿ, ಎತ್ತರದ ಪೀಠದ ಮೇಲೆ ಅಧ್ಯಕ್ಷೆ. ಅವಳು ಮುದುಕಿ. ಹದಿನೇಳನೆಯ ವಯಸ್ಸಿನಲ್ಲಿ ಒಳಗೆ ಬಂದವಳು, ಅವಳ ವಾಕ್ಯ ಇನ್ನೂ ಮುಗಿದಿಲ್ಲ ಎಂದು ಮಕ್ಕಳು ಪಿಸುಗುಟ್ಟುತ್ತಿದ್ದರು. ಅವಳ ಕೈಯಲ್ಲಿ ಮರದ ಸುತ್ತಿಗೆ, ಮುಂದೆ ಎರಡು ಪೆಟ್ಟಿಗೆ. ಒಂದರಲ್ಲಿ ಮುಗಿಯದ ಮಾತುಗಳು: ನೆನೆದು, ಗಮನಿಸಿ, ಮನಗಂಡು, ಕಳವಳಗೊಂಡು. ಇನ್ನೊಂದರಲ್ಲಿ ಮುಗಿಯುವ ಮಾತುಗಳು: ಕೋರುತ್ತದೆ, ಕರೆ ಕೊಡುತ್ತದೆ, ಒತ್ತಾಯಿಸುತ್ತದೆ, ಆಜ್ಞಾಪಿಸುತ್ತದೆ. ಪ್ರತಿಯೊಂದೂ ಒಂದೊಂದು ತಾಳೆಗರಿಯ ಚೂರಿನ ಮೇಲೆ. ಎಷ್ಟೋ ವರ್ಷಗಳ ಬೆರಳು ತಾಗಿ ಗರಿಗಳ ಅಂಚು ಕಪ್ಪಾಗಿತ್ತು.

"ಇಲ್ಲಿ ನಾನು ಎನ್ನುವ ಮಾತಿಲ್ಲ," ಅಂದಳು ಅಧ್ಯಕ್ಷೆ. "ನನ್ನ ಮನೆ ಇಲ್ಲ, ನನ್ನ ಅಪ್ಪ ಇಲ್ಲ. ನಾಡು ಮಾತಾಡುತ್ತದೆ. ಯಾರಾದರೂ ನಾನು ಎಂದರೆ ಅಷ್ಟರವರೆಗೆ ಬರೆದದ್ದೆಲ್ಲ ಅಳಿಸಿ ಮೊದಲಿನಿಂದ ಶುರು."

ಒಬ್ಬೊಬ್ಬರೂ ಮಡಕೆಯೊಳಗೆ ಕೈ ಹಾಕಿ ಒಂದು ಫಲಕ ತೆಗೆದು ಕೊರಳಿಗೆ ಹಾಕಿಕೊಂಡರು. ಫಲಕದ ಬೆನ್ನಿಗೆ ಆ ನಾಡಿನ ಆದೇಶ ಅಂಟಿಸಿತ್ತು. ಆದೇಶ ಮೀರಿದ ನಾಡಿನ ಫಲಕ ಕಿತ್ತುಕೊಳ್ಳುತ್ತಾರೆ. ಆಗಲೂ ಮೊದಲಿನಿಂದ ಶುರು. ಮಾತಿಗೆ ಒಪ್ಪಿಗೆಯಿಲ್ಲದವರು ಫಲಕವನ್ನು ಒಳಮುಖ ಮಾಡಿಕೊಳ್ಳಬೇಕು. ಒಂದು ಫಲಕ ಒಳಮುಖವಾದರೂ ಸಾಕು, ಆ ಮಾತು ಬಿದ್ದುಹೋಗುತ್ತದೆ.

ನೀರುಗಂಟಿಯ ಮಗಳು ತನ್ನ ಫಲಕವನ್ನು ತಿರುಗಿಸಿ ಓದಿದಳು. *ಗುಡ್ಡನಾಡು. ತೋಟಗಳು ಈ ನಾಡಿನವು. ಕೋಡಿಯ ಹಲಗೆ ಎತ್ತಲು ಹೇಳುವ ಯಾವ ಕೋರಿಕೆಗೂ, ಕರೆಗೂ, ಒತ್ತಾಯಕ್ಕೂ, ಆಜ್ಞೆಗೂ ಈ ನಾಡು ಒಪ್ಪತಕ್ಕದ್ದಲ್ಲ.*

ಎರಡು ಸಲ ಓದಿದಳು. ಅಕ್ಷರಗಳು ಬದಲಾಗಲಿಲ್ಲ.

ಎದುರು ಕುರ್ಚಿಯಲ್ಲಿ ಕೂತಿದ್ದವನ ಕೊರಳಲ್ಲಿ *ತಗ್ಗುನಾಡು* ಎಂದಿತ್ತು. ಅವನು ಯಾರೆಂದು ಅವಳಿಗೆ ಗೊತ್ತಿತ್ತು. ಮೇಲಿನ ಬೀದಿಯ ಎಲ್ಲಕ್ಕಿಂತ ದೊಡ್ಡ ಕನಕಾಂಬರದ ತೋಟದವನ ಮಗ. ಅವಳು ಯಾರೆಂದು ಅವನಿಗೂ ಗೊತ್ತಿತ್ತು. ಇಬ್ಬರೂ ಒಬ್ಬರ ಕೊರಳನ್ನೊಬ್ಬರು ನೋಡಿಕೊಂಡರು.

ಮೊದಲ ದಿನ ತಗ್ಗುನಾಡು ಎದ್ದು ನಿಂತು ಬಹಳ ಚೆನ್ನಾಗಿ ಮಾತಾಡಿತು. ಏರಿಯ ಬುಡದ ಮನೆಗಳ ಬಗ್ಗೆ ಹೇಳಿತು, ಹೆಣೆದು ಒಣಗಲಿಟ್ಟ ಚಾಪೆಗಳ ಬಗ್ಗೆ ಹೇಳಿತು, ತೊಟ್ಟಿಲುಗಳ ಬಗ್ಗೆ ಹೇಳಿತು. ತನ್ನ ಕೇರಿಯನ್ನು ಅವನು ಯಾವಾಗ ನೋಡಿದ್ದ ಎಂದು ಅವಳಿಗೆ ಆಶ್ಚರ್ಯವಾಯಿತು. ತಾನೇ ಹೇಳಿದ್ದರೆ ಇಷ್ಟು ಚೆನ್ನಾಗಿ ಬರುತ್ತಿರಲಿಲ್ಲ ಅನ್ನಿಸಿತು. ಕೊನೆಗೆ ಅವನು ಪೆಟ್ಟಿಗೆಯಿಂದ ಒಂದು ಗರಿ ಎತ್ತಿ ಹಿಡಿದ.

"ಹಲಗೆಗಳನ್ನು ಎತ್ತತಕ್ಕದ್ದೆಂದು ಆಜ್ಞಾಪಿಸುತ್ತದೆ."

ಹತ್ತು ಫಲಕಗಳು ಹೊರಮುಖವಾಗಿಯೇ ನಿಂತವು. ಅವಳು ತನ್ನ ಫಲಕವನ್ನು ಒಳಮುಖ ಮಾಡಿಕೊಂಡಳು. ಫಲಕ ಹಗುರವಾದದ್ದು, ಆದರೂ ಅದನ್ನು ತಿರುಗಿಸಲು ಎರಡೂ ಕೈ ಬೇಕಾದವು.

ಸುತ್ತಿಗೆ ಬಿತ್ತು. ಮಾತು ಬಿತ್ತು.

ಎರಡನೆಯ ದಿನ ತಗ್ಗುನಾಡು ಒಂದು ಮೆಟ್ಟಿಲು ಇಳಿಯಿತು. "ಒತ್ತಾಯಿಸುತ್ತದೆ." ಅವಳು ಫಲಕ ತಿರುಗಿಸಿದಳು. ಇನ್ನೊಂದು ಮೆಟ್ಟಿಲು. "ಕರೆ ಕೊಡುತ್ತದೆ." ತಿರುಗಿಸಿದಳು. "ವಿನಯಪೂರ್ವಕವಾಗಿ ಕೋರುತ್ತದೆ." ತಿರುಗಿಸಿದಳು. ಪ್ರತಿ ಸಲವೂ ಸುತ್ತಿಗೆ ಬಿತ್ತು, ಮಾತು ಬಿತ್ತು. ನಡುನಡುವೆ ಉಪ್ಪುನಾಡಿನವನು ಎದ್ದು ನಿಲ್ಲುತ್ತಿದ್ದ. ಅವನು ದಢೂತಿ ಹುಡುಗ, ವಿಶೇಷಣಗಳ ಮೇಲೆ ಬಲು ಆಸೆ. "ಕಳವಳಕ್ಕೆ ಮುಂಚೆ ತೀವ್ರ ಅನ್ನಬೇಕೋ ಗಂಭೀರ ಅನ್ನಬೇಕೋ?" ಎಂದು ಕೇಳುತ್ತಿದ್ದ. ಅದರ ಮೇಲೆ ಎರಡು ತಾಸು ಚರ್ಚೆ ನಡೆಯುತ್ತಿತ್ತು. ಕೊನೆಗೆ "ತೀವ್ರವೂ ಗಂಭೀರವೂ ಆದ ಕಳವಳಗೊಂಡು" ಎಂದು ಬರೆದುಕೊಂಡು ಎಲ್ಲರೂ ಎದ್ದು "ಅಲ್ಪವಿರಾಮ" ಎನ್ನುತ್ತಿದ್ದರು.

ಗೋಡೆಯ ಗೂಡಿನಿಂದ ಅವಲಕ್ಕಿ, ಮಜ್ಜಿಗೆ ಬರುತ್ತಿತ್ತು. ಮುಗಿಯದ ಮಾತುಗಳ ಪಟ್ಟಿ ಬೆಳೆಯುತ್ತಲೇ ಇತ್ತು. ಹಿಂದಿನ ವಾಕ್ಯಗಳನ್ನು ನೆನೆದು, ಕೆರೆಯ ಪ್ರಾಚೀನತೆಯನ್ನು ಮನಗಂಡು, ಹೂವುಗಳ ಸೌಂದರ್ಯವನ್ನು ಒಪ್ಪಿಕೊಂಡು, ಚಾಪೆಗಳ ಉಪಯೋಗವನ್ನು ಮರೆಯದೆ. ಇವುಗಳಿಗೆ ಯಾರೂ ಫಲಕ ತಿರುಗಿಸುತ್ತಿರಲಿಲ್ಲ. ಮುಗಿಯದ ಮಾತಿನಿಂದ ಯಾರಿಗೆ ಏನು ನಷ್ಟ?

ಬಿಡುವಿನ ಹೊತ್ತಿನಲ್ಲಿ ನಾಡುಗಳು ಮೇಜಿನ ಸುತ್ತ ನಡೆದಾಡಬಹುದಿತ್ತು. ತಗ್ಗುನಾಡು ಅವಳ ಪಕ್ಕ ಬಂದು ಹೆಜ್ಜೆ ಹಾಕಿತು.

"ಗುಡ್ಡನಾಡು ಹೀಗೆ ಹಟ ಹಿಡಿದರೆ ಹೇಗೆ?" ಎಂದು ಅವನು ತುಟಿಯಲ್ಲೇ ಕೇಳಿದ.

"ಗುಡ್ಡನಾಡಿನ ಬೆನ್ನಿಗೆ ಬರೆದಿದೆ. ತಗ್ಗುನಾಡಿಗೆ ಅದು ಗೊತ್ತು."

"ಗುಡ್ಡನಾಡಿನ ತಂದೆ ಈಗ ಕೋಡಿಯ ಹತ್ತಿರ ಹಾರೆ ಹಿಡಿದು ನಿಂತಿದ್ದಾರೆ."

ನಾನು ಎನ್ನುವ ಮಾತು ಅವಳ ನಾಲಗೆಯ ತುದಿಗೆ ಬಂತು. ಪೀಠದ ಮೇಲೆ ಅಧ್ಯಕ್ಷೆ ಸುತ್ತಿಗೆಯನ್ನು ಅಂಗುಲದಷ್ಟು ಎತ್ತಿ ಕಾದಳು.

"ನಾಡುಗಳಿಗೆ ತಂದೆ ಇರುವುದಿಲ್ಲ," ಅಂದಳು ಅವಳು.

ಸುತ್ತಿಗೆ ಮೆಲ್ಲನೆ ಇಳಿಯಿತು. ಇಬ್ಬರೂ ಮೇಜಿಗೆ ಇನ್ನೊಂದು ಸುತ್ತು ಹಾಕಿದರು.

"ತಗ್ಗುನಾಡಿಗೆ ಒಂದು ತೋಟ ಗೊತ್ತು," ಅಂದ ಆಮೇಲೆ. "ಅದರ ಯಜಮಾನನಿಗೆ ಹೂವೇ ಉಸಿರು. ಈ ಫಲಕ ಅವನ ಮಗನ ಕೊರಳಿಗೆ ಬಿದ್ದಿದೆ ಎಂದು ತಿಳಿದರೆ ಅವನು ನಕ್ಕುಬಿಡುತ್ತಾನೆ. ಮಗ ಮಾತ್ರ ನಗುತ್ತಿಲ್ಲ. ಎರಡು ದಿನದಿಂದ ಅರವತ್ತು ಮನೆಗಳ ಬಗ್ಗೆ ಮಾತಾಡಿ ಮಾತಾಡಿ ಆ ಮನೆಗಳು ಕಣ್ಣಿಗೆ ಕಟ್ಟಿವೆ. ಅವನಿಗೆ ನಿದ್ದೆಯಿಲ್ಲ."

"ಹಾಗಾದರೆ ಇನ್ನೂ ಕೆಳಗಿನ ಮಾತು ಹುಡುಕಲಿ ತಗ್ಗುನಾಡು."

"ಕೋರುತ್ತದೆ ಅನ್ನುವುದಕ್ಕಿಂತ ಕೆಳಗೆ ಮಾತಿಲ್ಲ. ಪೆಟ್ಟಿಗೆಯ ತಳ ಕಾಣುತ್ತಿದೆ."

ಮೂರನೆಯ ದಿನ ದುಂಡುಮನೆಯ ಗೋಡೆಯ ಬುಡದಲ್ಲಿ ಒದ್ದೆ ಕಾಣಿಸಿತು. ದುಂಡುಮನೆ ಏರಿಯಿಂದ ಬಹಳ ದೂರವೇನೂ ಇರಲಿಲ್ಲ. ಉಪ್ಪುನಾಡಿನವನು ಅದನ್ನು ನೋಡಿ, ಒದ್ದೆ ಎಂದರೆ ತೇವವೋ ನೀರೋ ಎಂದು ಪ್ರಶ್ನೆ ಎತ್ತಿದ. ಆ ದಿನ ಅದರಲ್ಲೇ ಹೋಯಿತು.

ನಾಲ್ಕನೆಯ ದಿನ ಬೆಳಗ್ಗೆ ಅವಳು ಮೇಜಿನ ಮೇಲೆ ತಲೆಯಿಟ್ಟು ಕೂತಿದ್ದಳು. ಆದೇಶ ಮೀರಿ ಫಲಕ ಕೊಟ್ಟುಬಿಡಲೇ ಎಂದು ಯೋಚಿಸಿದಳು. ಕೊಟ್ಟರೆ ನಾಲ್ಕು ದಿನದ ಮಾತು ಅಳಿಸಿಹೋಗುತ್ತದೆ. ಇನ್ನೊಬ್ಬರು ಗುಡ್ಡನಾಡಾಗಿ ಅದೇ ಚೀಟಿ ಓದಿ ಅದೇ ಫಲಕ ತಿರುಗಿಸುತ್ತಾರೆ. ಬಾಗಿಲಿಗೆ ಬಡಿಯಲೇ ಎಂದು ಯೋಚಿಸಿದಳು. ಹೊರಗಿರುವವರು ಕೇಳಿಸಿಕೊಂಡರೂ ಅವರ ಕೈ ಏಳುವುದಿಲ್ಲ. ಯಾವ ಕಡೆ ತಿರುಗಿದರೂ ವಾಕ್ಯದ ಒಂದೊಂದು ಮಾತು ಅಡ್ಡ ನಿಂತಿತ್ತು. ಬರೆದಷ್ಟೂ ವಾಕ್ಯ ಉದ್ದವಾಗುತ್ತಿತ್ತು, ಉದ್ದವಾದಷ್ಟೂ ಅವರು ಅದರ ಒಳಒಳಗೆ ಹೋಗುತ್ತಿದ್ದರು.

ಅಷ್ಟರಲ್ಲಿ ಅಧ್ಯಕ್ಷೆ ದಿನದ ಪದ್ಧತಿಯಂತೆ ಅದುವರೆಗೆ ಬರೆದದ್ದನ್ನು ಓದತೊಡಗಿದಳು. ನೆನೆದು, ಮನಗಂಡು, ಒಪ್ಪಿಕೊಂಡು, ಮರೆಯದೆ. ಅವಳ ದನಿ ಗಾಣದ ಎತ್ತಿನ ಹಾಗೆ ಸುತ್ತುತ್ತಿತ್ತು. ಕೆರೆ ತುಂಬಿರುವುದನ್ನು ಗಮನಿಸಿ. ಹೂವು ಅರಳಿರುವುದನ್ನು ಗಮನಿಸಿ.

ನೀರುಗಂಟಿಯ ಮಗಳು ತಲೆ ಎತ್ತಿದಳು. ಹೂವು ಅರಳಿರುವುದನ್ನು ಯಾರೂ ಒಳಗಿನಿಂದ ನೋಡಿರಲಿಲ್ಲ. ಗಮನಿಸಿ ಎಂದು ಬರೆದರು, ಅಷ್ಟೆ. ಬರೆದ ಮೇಲೆ ಹೂವು ಅರಳಿದೆ ಎನ್ನುವುದರಲ್ಲಿ ಯಾರಿಗೂ ಅನುಮಾನ ಉಳಿದಿರಲಿಲ್ಲ.

ಅವಳು ಎದ್ದು ಹೋಗಿ ಮುಗಿಯದ ಮಾತುಗಳ ಪೆಟ್ಟಿಗೆಗೆ ಕೈ ಹಾಕಿ ಒಂದು ಗರಿ ತೆಗೆದಳು.

"ಮಾನ್ಯ ಅಧ್ಯಕ್ಷರೇ, ಗುಡ್ಡನಾಡು ಒಂದು ಮಾತು ಸೇರಿಸಬಯಸುತ್ತದೆ. ಗುಡ್ಡನಾಡು ಕೋಡಿಯ ಹಲಗೆಗಳನ್ನು ಎತ್ತಿರುವುದನ್ನು ಗಮನಿಸಿ."

ಕುರ್ಚಿಗಳು ಸದ್ದು ಮಾಡಿದವು.

"ಎತ್ತಿಲ್ಲವಲ್ಲ!" ಅಂದಿತು ತಗ್ಗುನಾಡು.

"ಎತ್ತಿಲ್ಲ ಎಂದು ತಗ್ಗುನಾಡು ಎಲ್ಲಿ ನಿಂತು ನೋಡಿತು? ಸಭೆಗೆ ಕಿಟಕಿಯಿಲ್ಲ."

ಅಧ್ಯಕ್ಷೆ ಅವಳನ್ನು ಹತ್ತಿರ ಕರೆದು ಫಲಕದ ಬೆನ್ನಿನ ಆದೇಶವನ್ನು ಓದಿದಳು. ಬೆರಳಿಟ್ಟು ಒಂದೊಂದೇ ಅಕ್ಷರ ಓದಿದಳು. "ಕೋರಿಕೆಗೆ ಒಪ್ಪಬಾರದು. ಕರೆಗೆ ಒಪ್ಪಬಾರದು. ಒತ್ತಾಯಕ್ಕೆ, ಆಜ್ಞೆಗೆ ಒಪ್ಪಬಾರದು." ಅವಳು ಕನ್ನಡಕ ತೆಗೆದಳು. "ಗಮನಿಸಬಾರದು ಎಂದು ಇಲ್ಲಿ ಬರೆದಿಲ್ಲ. ಮಾತು ಕ್ರಮಬದ್ಧವಾಗಿದೆ."

ತಗ್ಗುನಾಡು ನೀರುಗಂಟಿಯ ಮಗಳ ಮುಖವನ್ನೇ ನೋಡುತ್ತಿತ್ತು. ಅವಳ ಕಣ್ಣಿನಲ್ಲಿ ಏನಿತ್ತೋ, ಅವನು ಫಲಕ ತಿರುಗಿಸಲಿಲ್ಲ.

"ಬರೀ ಗಮನಿಸಿ ಅಂದರೆ ಒಣಕಲಾಯಿತು," ಎಂದು ಉಪ್ಪುನಾಡಿನವನು ಎದ್ದ. "ಸಂತೋಷದಿಂದ ಗಮನಿಸಿ ಅನ್ನಬೇಕು. ಆಮೇಲೆ ಇಷ್ಟು ದೊಡ್ಡ ಕೆಲಸ ನಡೆದ ಮೇಲೆ ಮುಗಿಯುವ ಮಾತೂ ಸಿಕ್ಕಹಾಗಾಯಿತಲ್ಲ! ಊರು ಇದನ್ನು ತುಂಬುಹೃದಯದಿಂದ ಸ್ವಾಗತಿಸುತ್ತದೆ. ತಗ್ಗುನಾಡು ಕೈಮುಗಿದು ಕೃತಜ್ಞತೆ ಸಲ್ಲಿಸುತ್ತದೆ. ಉಪ್ಪುನಾಡಿನ ಹೆಸರು ಮಾತ್ರ ಎಲ್ಲೂ ಬೇಡ. ನಮಗೆ ಇದರಲ್ಲಿ ಸಂಬಂಧವಿಲ್ಲ."

ಯಾವ ಫಲಕವೂ ತಿರುಗಲಿಲ್ಲ. ಎಲ್ಲರೂ ಎದ್ದು ನಿಂತರು. ಅಲ್ಪವಿರಾಮ. ಅರ್ಧವಿರಾಮ. ನಾಲ್ಕು ದಿನದ ಮೇಲೆ, ಹನ್ನೊಂದು ಕೊರಳು ಒಂದೇ ಸಲ ಸಡಿಲವಾಗಿ: ಪೂರ್ಣವಿರಾಮ.

ಬಾಗಿಲು ತೆರೆಯಿತು. ಹೊರಗೆ ನಡುಹಗಲು.

ಅಧ್ಯಕ್ಷೆ ಹೊಸ್ತಿಲ ಒಳಗೆ ನಿಂತುಕೊಂಡೇ ವಾಕ್ಯವನ್ನು ಓದಿ ಹೇಳಿದಳು. ಊರು ಕೇಳಿಸಿಕೊಂಡಿತು. ಕೇಳಿಸಿಕೊಂಡ ಜನ ಸಾಲುಸಾಲಾಗಿ ಏರಿಯ ಕಡೆ ನಡೆದರು. ಅವಳು ಅವರನ್ನೆಲ್ಲ ದಾಟಿಕೊಂಡು ಓಡಿದಳು. ವಾಕ್ಯ ನಿಜವಾಗಬೇಕು, ಈ ಊರಿನಲ್ಲಿ ವಾಕ್ಯ ನಿಜವಾಗಲೇಬೇಕು, ಎತ್ತಿದೆ ಎಂದರೆ ಅಪ್ಪ ಎತ್ತಿರಲೇಬೇಕು ಎಂದುಕೊಳ್ಳುತ್ತಾ ಓಡಿದಳು.

ಕೋಡಿಯಲ್ಲಿ ನಾಲ್ಕು ಹಲಗೆಗಳೂ ಹಾಗೇ ಇದ್ದವು. ನೀರು ಮೇಲಿನ ಹಲಗೆಯ ಅಂಚಿಗೆ ಬಂದಿತ್ತು. ಅಪ್ಪ ದಡದಲ್ಲಿ ಹಾರೆಯನ್ನು ಕಲ್ಲಿಗೆ ಒರಗಿಸಿ ನಿಂತಿದ್ದ. ನಾಲ್ಕು ದಿನದಲ್ಲಿ ಮುಖ ಬತ್ತಿಹೋಗಿತ್ತು, ಆದರೆ ನಗುತ್ತಿದ್ದ.

"ಎತ್ತಿ ಆಯ್ತಂತಲ್ಲವ್ವ," ಅಂದ. "ಸಂತೋಷ."

"ಎತ್ತಿಲ್ಲ ಅಪ್ಪಾ! ನೋಡು, ಅಲ್ಲೇ ಇವೆ!"

"ಸಂತೋಷ," ಅಂದ ಅಪ್ಪ. ಅವನ ಕಣ್ಣು ಹಲಗೆಯ ಮೇಲೆ ಹೋಯಿತು, ಅಲ್ಲಿ ನಿಲ್ಲಲಾರದೆ ಜಾರಿ ನೀರಿನ ಮೇಲೆ ಹೋಯಿತು.

ಊರಿನವರು ಬಂದು ಏರಿಯುದ್ದಕ್ಕೂ ನಿಂತರು. ತಗ್ಗಿನ ಕೇರಿಯವರೂ ಬಂದರು, ಮೇಲಿನ ಬೀದಿಯವರೂ ಬಂದರು. ಎಲ್ಲರೂ ಕೋಡಿಯನ್ನು ನೋಡಿ, ಹಲಗೆ ಎತ್ತಿರುವುದನ್ನು ಸಂತೋಷದಿಂದ ಗಮನಿಸಿದರು. ಅವರ ಕಾಲಿನ ಕೆಳಗೆ ಏರಿ ಬೆವರುತ್ತಿತ್ತು. ಬೆವರು ಈಗ ಸಣ್ಣ ಸಣ್ಣ ಎಳೆಯಾಗಿ ಕೇರಿಯ ಕಡೆ ಹರಿಯುತ್ತಿತ್ತು. ಒಂದು ಮನೆಯ ಮುಂದೆ ಒಣಗಲಿಟ್ಟ ಚಾಪೆ ನೆನೆದು ಕಪ್ಪಾಗುತ್ತಿತ್ತು. ಆ ಮನೆಯಾಕೆ ಏರಿಯ ಮೇಲೆ ನಿಂತು ನಗುತ್ತಿದ್ದಳು.

ನೀರುಗಂಟಿಯ ಮಗಳಿಗೆ ಆಗ ಅರಿವಾಯಿತು, ತಾನು ಏನು ಮಾಡಿಬಿಟ್ಟೆ ಎಂದು. ಕೋರುತ್ತದೆ ಎಂದಿದ್ದರೆ ಕೊನೆಯ ಪಕ್ಷ ಊರು ಕೋರುತ್ತಾ ನಿಂತಿರುತ್ತಿತ್ತು, ಯಾರ ಕಣ್ಣಾದರೂ ಹಲಗೆಯ ಮೇಲಿರುತ್ತಿತ್ತು. ಈಗ ಯಾರೂ ಅದನ್ನು ಕಾಣಲಾರರು. ಆಗಿಹೋದ ಕೆಲಸವನ್ನು ಯಾರು ಮಾಡುತ್ತಾರೆ?

ಅವಳು ತಗ್ಗುನಾಡನ್ನು ಹುಡುಕಿದಳು. ಅವನು ಕೋಡಿಯ ಆಚೆ ದಡದಲ್ಲಿ ನಿಂತಿದ್ದ. ಅವನ ಎರಡೂ ಕೈ ಎದೆಯ ಮುಂದೆ ಜೋಡಿಕೊಂಡಿದ್ದವು.

"ಬಾ, ಒಂದು ಕೈ ಹಿಡಿ!" ಎಂದು ಕೂಗಿದಳು.

"ತಗ್ಗುನಾಡು ಕೃತಜ್ಞತೆ ಸಲ್ಲಿಸುತ್ತದೆ," ಅಂದ ಅವನು. ಅವನ ಮುಖ ಬೇರೆಯದನ್ನು ಹೇಳುತ್ತಿತ್ತು. ಅವನು ಬೆರಳುಗಳನ್ನು ಬಿಡಿಸಲು ಎಳೆದಾಡುತ್ತಿದ್ದ, ಭುಜ ನಡುಗುತ್ತಿತ್ತು, ಕತ್ತಿನ ನರ ಉಬ್ಬಿತ್ತು. ಕೈಗಳು ಬಿಡಲಿಲ್ಲ. "ಕೃತಜ್ಞತೆ ಸಲ್ಲಿಸುತ್ತದೆ," ಅಂದ ಮತ್ತೆ. ಕಣ್ಣಿನಿಂದ ನೀರು ಇಳಿಯಿತು.

ಉಪ್ಪುನಾಡಿನವನು ಒಂದು ಕಲ್ಲಿನ ಮೇಲೆ ಕೂತಿದ್ದ. "ಉಪ್ಪುನಾಡಿನ ಹೆಸರು ವಾಕ್ಯದಲ್ಲಿಲ್ಲ," ಎಂದ, ಯಾರೂ ಕೇಳದಿದ್ದರೂ. ಅವನ ಕೈಗಳು ತೊಡೆಯ ಮೇಲೆ ಸತ್ತ ಹಕ್ಕಿಗಳ ಹಾಗೆ ಬಿದ್ದಿದ್ದವು.

ಹಾಗಾದರೆ ವಾಕ್ಯದಲ್ಲಿ ಯಾರ ಹೆಸರಿದೆ? ಅವಳು ಮನಸ್ಸಿನಲ್ಲೇ ವಾಕ್ಯವನ್ನು ಮೊದಲಿನಿಂದ ಹೇಳಿಕೊಂಡಳು. ನೆನೆದು, ಮನಗಂಡು, ಒಪ್ಪಿಕೊಂಡು, ಮರೆಯದೆ, ತುಂಬಿರುವುದನ್ನು, ಅರಳಿರುವುದನ್ನು. ಗುಡ್ಡನಾಡು ಕೋಡಿಯ ಹಲಗೆಗಳನ್ನು ಎತ್ತಿರುವುದನ್ನು.

ಅಪ್ಪ ಎತ್ತಿದ ಎಂದು ಅವಳು ಬರೆದಿರಲಿಲ್ಲ. ಊರು ಎತ್ತಿತು ಎಂದೂ ಬರೆದಿರಲಿಲ್ಲ.

ಅವಳು ಬಗ್ಗಿ ಅಪ್ಪನ ಹಾರೆಗೆ ಕೈ ಹಾಕಿದಳು. ಕೈ ಕೊರಡಾಗಲಿಲ್ಲ.

ಹಾರೆಯನ್ನು ಎಳೆದುಕೊಂಡು ಕೋಡಿಯ ಕಟ್ಟೆಗೆ ಇಳಿದಳು. ನೀರು ಸೊಂಟಕ್ಕೆ ಬಂತು. ಮೇಲಿನ ಹಲಗೆಯ ಕೆಳಗೆ ಹಾರೆಯ ತುದಿ ಸಿಕ್ಕಿಸಿ ಮೈಯ ಭಾರವನ್ನೆಲ್ಲ ಬಿಟ್ಟಳು. ಹಲಗೆ ಅಲುಗಲಿಲ್ಲ. ಊದಿಕೊಂಡ ಮರ ಕಲ್ಲುಕಂಬದ ಸಂದಿನಲ್ಲಿ ಕಚ್ಚಿಕೊಂಡಿತ್ತು. ಹಲಗೆಯ ತುದಿಯ ಕಬ್ಬಿಣದ ಬಳೆಯನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಿದಳು. ತುಕ್ಕು ಅಂಗೈಗೆ ಇಳಿಯಿತು. ಮತ್ತೆ ಹಾರೆ, ಮತ್ತೆ ಬಳೆ, ಮತ್ತೆ ಹಾರೆ. ಏರಿಯ ಮೇಲೆ ಇಡೀ ಊರು ನಿಂತು ಸಂತೋಷದಿಂದ ಗಮನಿಸುತ್ತಿತ್ತು. ಯಾರೂ ಅವಳನ್ನು ತಡೆಯಲಿಲ್ಲ. ಎತ್ತಿ ಆಗಿರುವುದನ್ನು ಎತ್ತದಂತೆ ಯಾರು ತಡೆಯುತ್ತಾರೆ?

ಮೊದಲ ಹಲಗೆ ನರಳುತ್ತಾ ಮೇಲೆ ಬಂತು. ಅದನ್ನು ದಡಕ್ಕೆ ತಳ್ಳಿದಳು. ನೀರು ಒಂದು ಹೆಡೆ ಎತ್ತಿ ಆಚೆಗೆ ಬಗ್ಗಿತು. ಎರಡನೆಯದು ಬೇಗ ಬಂತು. ಮೂರನೆಯದನ್ನು ಎತ್ತುವಾಗ ನೀರಿನ ಸೆಳೆತಕ್ಕೆ ಕಾಲು ಜಾರಿ ಕಂಬವನ್ನು ತಬ್ಬಿಕೊಂಡಳು. ತಬ್ಬಿಕೊಂಡೇ ಎತ್ತಿದಳು. ನಾಲ್ಕನೆಯದನ್ನು ನೀರೇ ಕಿತ್ತುಕೊಂಡು ಹೋಯಿತು.

ಕೆರೆ ತೋಟಗಳ ಕಡೆ ಇಳಿಯಿತು. ಕನಕಾಂಬರದ ಸಾಲುಗಳು ಒಂದೊಂದಾಗಿ ಮುಳುಗಿದವು. ದೊಡ್ಡ ತೋಟದ ಯಜಮಾನ ತನ್ನ ಬೇಲಿಯ ಬಳಿ ಮೊಣಕಾಲುದ್ದ ನೀರಿನಲ್ಲಿ ನಿಂತು, ಎರಡೂ ತೋಳುಗಳನ್ನು ಚಾಚಿ ಅದನ್ನು ತುಂಬುಹೃದಯದಿಂದ ಸ್ವಾಗತಿಸಿದ. ಕಿತ್ತಳೆ ಬಣ್ಣದ ಹೂವುಗಳು ಅವನ ಸುತ್ತ ತೇಲಿ ಸುತ್ತುತ್ತಿದ್ದವು. ಅವನ ಬಾಯಿ ನಗುತ್ತಿತ್ತು, ಗಲ್ಲ ಒದ್ದೆಯಾಗಿತ್ತು. ಆಚೆ ದಡದಿಂದ ಅವನ ಮಗ ಅವನನ್ನೇ ನೋಡುತ್ತಾ ಕೈಮುಗಿದು ನಿಂತಿದ್ದ.

ಏರಿಯ ಬೆವರಿನ ಎಳೆಗಳು ಸಣ್ಣಗಾದವು. ಆಮೇಲೆ ನಿಂತವು.

ಹೊತ್ತು ಇಳಿಯುವ ಮುಂಚೆ ಜನ ಗಮನಿಸುವುದನ್ನು ಮುಗಿಸಿ ಮನೆಗಳಿಗೆ ಹೋದರು. ಹೋಗುವಾಗ ಕೇರಿಯ ಹೆಂಗಸರು ಕೋಡಿಯ ಪಕ್ಕದಲ್ಲೇ ಹಾದುಹೋದರು. ಕಟ್ಟೆಯ ಮೇಲೆ ಒದ್ದೆ ಬಟ್ಟೆಯಲ್ಲಿ ಕೂತಿದ್ದ ಹುಡುಗಿಯನ್ನು ನೋಡಿ, "ಏನು ತಾಯಿ, ಕೆರೆಗೆ ಬಿದ್ದೆಯಾ?" ಎಂದು ಕೇಳಿದರು. ಅವಳು ತಲೆಯಾಡಿಸಿದಳು. ಹೌದೆಂದೋ ಅಲ್ಲವೆಂದೋ ಅವರು ನಿಂತು ನೋಡಲಿಲ್ಲ. ಒಲೆ ಹಚ್ಚುವ ಹೊತ್ತಾಗಿತ್ತು.

ಎಲ್ಲರೂ ಹೋದ ಮೇಲೆ ಅಪ್ಪ ಬಂದು ಪಕ್ಕದಲ್ಲಿ ಕೂತ. ಅವಳ ಕೈಗಳನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡು ಬಿಡಿಸಿ ನೋಡಿದ. ಎರಡೂ ಅಂಗೈ ಸುಲಿದುಹೋಗಿದ್ದವು. ಅವನು ಪಂಚೆಯ ಅಂಚು ಹರಿದು, ಕೆರೆಯ ನೀರಿನಲ್ಲಿ ಹಿಂಡಿ, ಒಂದೊಂದು ಕೈಗೂ ಸುತ್ತಿದ. ಕೋಡಿಯ ನೀರಿನ ಸದ್ದೊಂದೇ ಇತ್ತು.

"ಹಲಗೆ ಎತ್ತಿದ್ದು ಯಾರು ಅಂತ ನೋಡಿದೆಯಾ ಅಪ್ಪಾ?" ಎಂದು ಅವಳು ಕೇಳಿದಳು.

"ಎತ್ತಿ ಆಗಿತ್ತಲ್ಲವ್ವ," ಅಂದ ಅಪ್ಪ.

ಅವನು ಗಂಟು ಹಾಕಿದ. ಗಂಟು ಬಿಗಿಯಾಯಿತೆಂದು ಬಿಚ್ಚಿ, ಸಡಿಲವಾಗಿ ಮತ್ತೆ ಹಾಕಿದ. ಆಮೇಲೆ ಅವಳ ಮುಖ ನೋಡದೆ, ನೀರಿಗೆ ಹೇಳುವವನ ಹಾಗೆ, ದನಿ ತಗ್ಗಿಸಿ ಅಂದ:

"ಆ ಬಳೆಗಳಿಗೆ ಬಲು ತುಕ್ಕು ಹಿಡಿದದೆ. ಬಟ್ಟೆ ಸುತ್ತಿ ಹಿಡೀಬೇಕಾಗಿತ್ತು ಕಣವ್ವ."